ಅಪ್‌ಡೇಟ್: ಕೇದಾರಕಂಠ ಚಳಿಗಾಲದ ಟ್ರೆಕ್‌ಗೆ ಕಡಿಮೆ ಖರ್ಚಿನ ಬಟ್ಟೆ

ಡಿಸೆಂಬರ್ ಕೊನೆಗೆ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ (ಸುಮಾರು 12,500 ಅಡಿ) ಹೊರಡೋಕೆ ಬೆಂಗಳೂರಲ್ಲೇ ಏನೇನು ತಗೋಬೇಕು, ಒಂದೇ ದಪ್ಪ ಜಾಕೆಟ್ ಸಾಕಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ತೀರ್ಮಾನ ಇದು.

ಒಂದೇ ದಪ್ಪ ಜಾಕೆಟ್ ಬೇಡ, ಪದರ ಪದರವಾಗಿ ಹಾಕೋದೇ ಸರಿ. ಮೈಗೆ ತಾಗೋದು ಪಾಲಿಯೆಸ್ಟರ್ ಅಥವಾ ಮೆರಿನೋ ಉಣ್ಣೆ. ಹತ್ತಿ ಬನಿಯನ್ ಬೇಡವೇ ಬೇಡ: ಬೆವರು ಹೀರಿಕೊಂಡು ಒಣಗಲ್ಲ, ಬೆಟ್ಟ ಏರಿ ನಿಂತ ಕೂಡಲೇ ನಡುಕ ಶುರು. ಮೇಲೊಂದು ಫ್ಲೀಸ್ (ಮೆತ್ತಗಿನ, ಬೆಚ್ಚನೆಯ ಸಿಂಥೆಟಿಕ್ ಬಟ್ಟೆ). ಕ್ಯಾಂಪಲ್ಲಿ ಕೂರುವಾಗ ಸಿಂಥೆಟಿಕ್ ತುಂಬಿದ ಜಾಕೆಟ್. ಡೌನ್ (ಹಕ್ಕಿಯ ಮೃದು ಪುಕ್ಕ ತುಂಬಿದ್ದು) ಹಗುರವೇನೋ ಹೌದು, ಒದ್ದೆಯಾದರೆ ಮುದ್ದೆಯಾಗಿ ಶಾಖ ಹಿಡಿಯಲ್ಲ.

ದುಡ್ಡು ಹಾಕಬೇಕಾದ್ದು ಹೊರಪದರಕ್ಕೆ. ‘ವಾಟರ್ ರೆಸಿಸ್ಟೆಂಟ್’ ಅಂದರೆ ತುಂತುರು ತಡೆಯುತ್ತೆ ಅಷ್ಟೇ. ಲೇಬಲ್‌ನಲ್ಲಿ 10,000 ಮಿ.ಮೀ. (ಬಟ್ಟೆ ತಡೆಯೋ ನೀರಿನ ಕಂಬದ ಎತ್ತರ) ಇದೆಯಾ ನೋಡಿ, ಜಾಕೆಟ್ ಒಳಮಗ್ಗುಲು ತಿರುಗಿಸಿ ಎಲ್ಲಾ ಹೊಲಿಗೆಗೂ ಟೇಪ್ ಅಂಟಿಸಿದ್ದಾರಾ ನೋಡಿ. ನೀರು ಮೊದಲು ನುಗ್ಗೋದು ಸೂಜಿ ತೂತಿಂದಲೇ. ಕಂಕುಳಲ್ಲಿ ಜಿಪ್ ಇದ್ದರೆ ಏರುವಾಗ ಬೆವರಿನ ಹಬೆ ಹೊರಹೋಗುತ್ತೆ. ಅಂಗಡಿಯಲ್ಲಿ ಸೆಕೆಯಾದರೂ ಫ್ಲೀಸ್ ಹಾಕಿಕೊಂಡೇ ಸೈಜ್ ನೋಡಿ. ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬಾರದು, ನೀರು ಜಾರಿಸೋ ಲೇಪ ಕೆಡುತ್ತೆ.

ಬಿಗಿಯಾದ ಶೂ ಒಳಗೆ ಎರಡು ಜೊತೆ ದಪ್ಪ ಸಾಕ್ಸ್ ತುರುಕಿದರೆ ರಕ್ತಸಂಚಾರ ತಗ್ಗಿ ಬೆರಳು ಇನ್ನೂ ತಣ್ಣಗಾಗುತ್ತೆ. ಒಂದು ಉಣ್ಣೆ ಜೊತೆ ಸಾಕು, ಬೆರಳಾಡಿಸೋಕೆ ಜಾಗ ಇರಲಿ. ಗೇಟರ್ (ಶೂ ಒಳಗೆ ಹಿಮ ನುಗ್ಗದಂತೆ ಕಾಲಿಗೆ ಕಟ್ಟೋ ಕವಚ), ಮೈಕ್ರೋಸ್ಪೈಕ್ (ಹಿಮದಲ್ಲಿ ಜಾರದಂತೆ ಶೂ ಅಡಿಗೆ ಹಾಕೋ ಮುಳ್ಳುಗಳು) ಕೊಳ್ಳೋ ಅಗತ್ಯವಿಲ್ಲ, ಟ್ರೆಕ್ ಶುರುವಾಗೋ ಸಾಂಕ್ರಿ ಹಳ್ಳಿಯಲ್ಲಿ ಬಾಡಿಗೆಗೆ ಸಿಗುತ್ತೆ.