‘ಲೈಫ್ ಆಫ್ ಬ್ರಿಯಾನ್’ ನೋಡಿ ನಕ್ಕಿದ್ದು ತಪ್ಪೇ?

ಪ್ರಶ್ನೆ (ಸಾಗರದಿಂದ): 1979ರ ಈ ಬ್ರಿಟಿಷ್ ಚಿತ್ರವನ್ನು ಮೊನ್ನೆ ಗೆಳೆಯರೊಂದಿಗೆ ನೋಡಿದೆ. ಯೇಸು ಹುಟ್ಟಿದ ದಿನವೇ ಪಕ್ಕದಲ್ಲೇ ಹುಟ್ಟಿದ ಸಾಮಾನ್ಯನೊಬ್ಬನನ್ನು ಜನರು ಉದ್ಧಾರಕನೆಂದು ನಂಬಿ ಬೆನ್ನಟ್ಟುವ ಕಥೆಗೆ ನಾನು ಮನಸಾರೆ ನಕ್ಕೆ. ಆದರೆ ಶಿಲುಬೆಯ ಮೇಲಿನ ಕೊನೆಯ ಹಾಡು ಬಂದಾಗ ಕ್ರೈಸ್ತ ಗೆಳೆಯರೊಬ್ಬರು ಎದ್ದು ಹೊರಗೆ ಹೋದರು. ಅವರೊಡನೆ ಹೇಗೆ ಮಾತನಾಡಲಿ?

ಉತ್ತರ (ಶಿವಮೊಗ್ಗದಿಂದ): ಸರ್, ಚಿತ್ರದಲ್ಲಿ ಯೇಸು ಬೇರೆಯದೇ ಪಾತ್ರವಾಗಿ, ಗೌರವದಿಂದಲೇ ಕಾಣಿಸಿಕೊಳ್ಳುತ್ತಾನೆ; ವಿಡಂಬನೆಗೆ ಗುರಿಯಾಗುವುದು ಯೋಚಿಸದೆ ಹಿಂಬಾಲಿಸುವ ಜನಜಂಗುಳಿ. ಹಾಗಿದ್ದರೂ ಐರ್ಲೆಂಡ್ ಮತ್ತು ನಾರ್ವೆ ಇದನ್ನು ನಿಷೇಧಿಸಿದವು, ಸ್ವೀಡನ್ನಿನಲ್ಲಿ ನಾರ್ವೆಯ ನಿಷೇಧವನ್ನೇ ಜಾಹೀರಾತಾಗಿ ಬಳಸಿಕೊಂಡರು. ನಮ್ಮ ಬಯಲಾಟದ ಹಾಸ್ಯಗಾರ ದೇವತೆಗಳನ್ನೂ ಅರಸರನ್ನೂ ಕೆಣಕುವುದಿಲ್ಲವೇ?

ಉತ್ತರ (ತೀರ್ಥಹಳ್ಳಿಯಿಂದ): ಆ ಹೋಲಿಕೆಯನ್ನು ನಾನು ಪೂರ್ತಿ ಒಪ್ಪಲಾರೆ. ಹಾಸ್ಯಗಾರ ನಮ್ಮವನು, ಪ್ರಸಂಗವನ್ನು ಭಕ್ತಿಯಿಂದ ಬಲ್ಲವನು, ಬೆಳಗಿನ ಜಾವ ಮಂಗಳ ಹಾಡುವಾಗ ನಮ್ಮೊಡನೆ ಕೈಮುಗಿಯುವವನು. ಶಿಲುಬೆ ನಿಮ್ಮ ಗೆಳೆಯರಿಗೆ ಪ್ರತಿದಿನದ ಪ್ರಾರ್ಥನೆಯ ಗುರುತು. ಚಿತ್ರವನ್ನು ಸಮರ್ಥಿಸಲು ಹೋಗಬೇಡಿ, ಯಾವ ದೃಶ್ಯ ನೋಯಿಸಿತೆಂದು ಮೊದಲು ಕೇಳಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಭಾನುವಾರ ಅವರ ಮನೆಗೆ ಹೋಗುತ್ತೇನೆ.