ಕೊನೆಯ ವರ್ಷದ ಇಂಟರ್ನ್‌ಶಿಪ್: ಮೆಟೀರಿಯಲ್ಸ್ ಮತ್ತು ಎಲೆಕ್ಟ್ರಾನಿಕ್ಸ್ ಎರಡೂ ಸಿಗುವ ಕಡೆ ಎಲ್ಲಿಗೆ ಹೋಗಬೇಕು?

ಕೇಳಿದವರು: ದಾವಣಗೆರೆ, ಇ ಅಂಡ್ ಸಿ, ಆರನೇ ಸೆಮ್

ಅಕ್ಕಂದಿರೇ, ಅಣ್ಣಂದಿರೇ, ನಮ್ಮದು ವಿಟಿಯು 2022ರ ಸ್ಕೀಮ್. ಕೊನೆಯ ವರ್ಷ 14ರಿಂದ 20 ವಾರದ ಇಂಟರ್ನ್‌ಶಿಪ್ ಮಾಡಬೇಕು. ನನಗೆ ಕೋಡಿಂಗ್‌ಗಿಂತ ಚಿಪ್ ಹೇಗೆ ಆಗುತ್ತದೆ, ಬೋರ್ಡ್ ಯಾಕೆ ಕೆಡುತ್ತದೆ ಅನ್ನುವುದರಲ್ಲಿ ಆಸಕ್ತಿ ಜಾಸ್ತಿ. ಕ್ಲಾಸಿನಲ್ಲಿ ಸುಮಾರು ಜನ ಕನ್ಸಲ್ಟೆನ್ಸಿಗೆ ದುಡ್ಡು ಕಟ್ಟಿ ಆನ್‌ಲೈನ್‌ನಲ್ಲೇ ಮುಗಿಸುವ ಯೋಚನೆಯಲ್ಲಿದ್ದಾರೆ. ಅಪ್ಪ "ಬಿಇಎಲ್‌ಗೆ ಹಾಕು, ಸ್ಟೈಪೆಂಡೂ ಬರುತ್ತದೆ" ಅನ್ನುತ್ತಾರೆ. ಎಲ್ಲಿ ಕೇಳಲಿ? ಹೋದಲ್ಲಿ ನಿಜವಾಗಿ ಏನು ಮಾಡಿಸುತ್ತಾರೆ?

ಮೈಸೂರು, ಬೋರ್ಡ್ ಅಸೆಂಬ್ಲಿಯಲ್ಲಿ ಪ್ರೊಸೆಸ್ ಇಂಜಿನಿಯರ್

ತಂಗಿ, ಕಂಪನಿ ಹೆಸರು ಆಮೇಲೆ ನೋಡು. ನಿನ್ನನ್ನು ಯಾವ ಮೆಷಿನ್ ಹತ್ತಿರ ನಿಲ್ಲಿಸುತ್ತಾರೆ ಅನ್ನುವುದನ್ನು ಮೊದಲು ಕೇಳು. ದೊಡ್ಡ ಕಂಪನಿಯ ಮೂಲೆಯಲ್ಲಿ ಕೂತು ಪಿಪಿಟಿ ತಿದ್ದಿದ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ. ಪೀಣ್ಯದಲ್ಲೋ ಮೈಸೂರಿನಲ್ಲೋ ಒಂದೆರಡು ಎಸ್‌ಎಂಟಿ ಲೈನ್ (ಬೋರ್ಡಿನ ಮೇಲೆ ಬಿಡಿಭಾಗ ಕೂರಿಸುವ ಮೆಷಿನ್‌ಗಳ ಸಾಲು) ಇರುವ ಮಧ್ಯಮ ಗಾತ್ರದ ಕಾರ್ಖಾನೆಯಾದರೆ ಎರಡನೇ ವಾರಕ್ಕೇ ಕೈಗೆ ಕೆಲಸ ಬರುತ್ತದೆ. ಯಾಕೆಂದರೆ ಅಲ್ಲಿ ಜನ ಕಮ್ಮಿ, ತೊಂದರೆ ಜಾಸ್ತಿ.

ನಮ್ಮ ಕಡೆಯೇ ಎರಡು ಬಗೆ ಇವೆ. ನಂಜನಗೂಡಿನ ಎಟಿ ಅಂಡ್ ಎಸ್‌ನಂಥ ಕಡೆ ಖಾಲಿ ಪಿಸಿಬಿಯನ್ನೇ ತಯಾರಿಸುತ್ತಾರೆ. ತಾಮ್ರದ ಪ್ಲೇಟಿಂಗ್, ಎಚ್ಚಿಂಗ್, ಲ್ಯಾಮಿನೇಶನ್, ಹೀಗೆ ಅರ್ಧಕ್ಕರ್ಧ ಕೆಮಿಸ್ಟ್ರಿ. ಮೈಸೂರಿನ ಕೇನ್ಸ್‌ನಂಥ ಕಡೆ ಆ ಬೋರ್ಡಿನ ಮೇಲೆ ಬಿಡಿಭಾಗ ಕೂರಿಸುತ್ತಾರೆ.

ನನ್ನ ಕೆಲಸ ಎರಡನೆಯ ಬಗೆಯದು, ಅದನ್ನೇ ಹೇಳುತ್ತೇನೆ. ಬಿಡಿಭಾಗವನ್ನು ಬೋರ್ಡಿಗೆ ಬೆಸೆಯುವ ಸೋಲ್ಡರ್ ಪೇಸ್ಟ್ ಡಬ್ಬಿ ಫ್ರಿಜ್‌ನಲ್ಲಿರುತ್ತದೆ. ಹೊರಗೆ ತೆಗೆದ ಕೂಡಲೇ ಮುಚ್ಚಳ ತೆರೆಯುವ ಹಾಗಿಲ್ಲ. ಕೆಲವು ಗಂಟೆ ಹಾಗೇ ಬಿಡಬೇಕು. ತಣ್ಣಗಿರುವಾಗಲೇ ತೆರೆದರೆ ಗಾಳಿಯ ತೇವ ಪೇಸ್ಟ್ ಮೇಲೆ ಕೂರುತ್ತದೆ, ಓವನ್‌ಗೆ ಹೋದಾಗ ಆವಿಯಾಗಿ ಸಿಡಿಯುತ್ತದೆ, ಬೋರ್ಡ್ ತುಂಬ ಸಾಸಿವೆಗಿಂತ ಚಿಕ್ಕ ಸೋಲ್ಡರ್ ಬಾಲ್. ಸೀಸವಿಲ್ಲದ ಸೋಲ್ಡರ್ ಎಸ್‌ಎಸಿ305 ಅಂದರೆ ತವರ 96.5, ಬೆಳ್ಳಿ 3, ತಾಮ್ರ 0.5 ಪರ್ಸೆಂಟ್. ಅದು ಸುಮಾರು 217 ಡಿಗ್ರಿಗೆ ಕರಗಲು ಶುರುವಾಗುತ್ತದೆ. ಹಳೆಯ ತವರ-ಸೀಸದ್ದು 183ಕ್ಕೇ ಕರಗುತ್ತಿತ್ತು. ಆ ವ್ಯತ್ಯಾಸದಿಂದ ಲ್ಯಾಮಿನೇಟು, ಕನೆಕ್ಟರಿನ ಪ್ಲಾಸ್ಟಿಕ್ಕು, ಐಸಿ ಒಳಗೆ ಸೇರಿದ ತೇವ ಎಲ್ಲವೂ ತಲೆನೋವಾದವು. ನಿನಗೆ ಬೇಕಾದ ಮೆಟೀರಿಯಲ್ಸ್ ಇಲ್ಲೇ ಇದೆ, ಅಲ್ವಾ?

ಬಂದರೆ ರಿಫ್ಲೋ ಪ್ರೊಫೈಲಿಂಗ್, ಅಂದರೆ ಓವನ್‌ನಲ್ಲಿ ಬೋರ್ಡಿನ ಬಿಸಿ ಅಳೆದು ಹೊಂದಿಸುವ ಕೆಲಸ, ಕೇಳಿ ತೆಗೆದುಕೋ. ಬೋರ್ಡಿನ ನಾಲ್ಕೈದು ಕಡೆ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಅಂಟಿಸಿ ಓವನ್ ಒಳಗೆ ಬಿಡುತ್ತೇವೆ. ಅಂಚಿನ ಸಣ್ಣ ರೆಸಿಸ್ಟರ್ ಬೇಗ ಕಾಯುತ್ತದೆ, ನಡುವಿನ ದೊಡ್ಡ ಬಿಜಿಎ ಚಿಪ್ ಹಿಂದೆ ಬೀಳುತ್ತದೆ. ಎರಡನ್ನೂ ಒಂದೇ ಬೆಲ್ಟ್ ಸ್ಪೀಡಿನಲ್ಲಿ ಸರಿದೂಗಿಸಬೇಕು. ಎಂಟನೇ ಸೆಮ್ ರಿಪೋರ್ಟಿಗೆ ಇಷ್ಟು ಸಾಕು.

ಬೆಂಗಳೂರು, ಐಐಎಸ್‌ಸಿಯಲ್ಲಿ ಪಿಎಚ್‌ಡಿ

ಚಿಪ್ ಹೇಗಾಗುತ್ತದೆ ನೋಡಬೇಕು ಅಂದರೆ ಕ್ಲೀನ್‌ರೂಮ್ (ಧೂಳು ಸೇರದ ಕೋಣೆ) ಇರುವ ಕಡೆಯೇ ಹೋಗಬೇಕು. ನಮ್ಮಲ್ಲಿ ಸೆನ್ಸ್ ಅನ್ನುವ ನ್ಯಾನೋ ವಿಜ್ಞಾನ ವಿಭಾಗದ ಫ್ಯಾಬ್, ಅಂದರೆ ಚಿಪ್ ತಯಾರಿಸುವ ಲ್ಯಾಬ್, ಇದೆ. ಐಎನ್‌ಯುಪಿ ಅನ್ನುವ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಹೊರಗಿನ ಕಾಲೇಜಿನವರಿಗೂ ಇಲ್ಲಿ ತರಬೇತಿ ಕೊಡುತ್ತಾರೆ. ಜಕ್ಕೂರಿನ ಜೆಎನ್‌ಸಿಎಎಸ್‌ಆರ್‌ನಲ್ಲೂ ಮೂರು ವಿಜ್ಞಾನ ಅಕಾಡೆಮಿಗಳ ಹೆಸರಿನಲ್ಲೂ ಬೇಸಿಗೆ ಫೆಲೋಶಿಪ್ ಸಿಗುತ್ತವೆ. ಆದರೆ ಅವು ಎರಡು ತಿಂಗಳಿನವು, ನಿಮ್ಮ 14 ವಾರಕ್ಕೆ ಸಾಲುವುದಿಲ್ಲ. ಅದನ್ನು ಬೇಸಿಗೆ ರಜೆಗೆ ಇಟ್ಟುಕೊಳ್ಳಿ. ಅರ್ಜಿ ಹಿಂದಿನ ಚಳಿಗಾಲದಲ್ಲೇ ಹಾಕಿರಬೇಕು, ಮಾರ್ಚ್‌ನಲ್ಲಿ ಎಚ್ಚೆತ್ತರೆ ಏನೂ ಸಿಗಲ್ಲ.

ಒಳಗೆ ಹೋದಾಗ ಮುಖಕ್ಕೆ ಪೌಡರ್ ಬೇಡ, ಪೆನ್ಸಿಲ್ಲೂ ಬೇಡ, ಅದರ ಗ್ರಾಫೈಟ್ ಪುಡಿ ಉದುರುತ್ತದೆ. ಬೆಳಕಿನಿಂದ ಚಿಪ್‌ನ ವಿನ್ಯಾಸ ಮೂಡಿಸುವ ಲಿಥೋಗ್ರಫಿ ಕೋಣೆಯಲ್ಲಿ ಹಳದಿ ದೀಪ ಯಾಕೆ ಅಂತ ಯಾರಾದರೂ ಕೇಳಿದರೆ, ಫೋಟೋರೆಸಿಸ್ಟ್ ಅನ್ನುವ ಲೇಪ ನೀಲಿ ಮತ್ತು ನೇರಳಾತೀತ ಬೆಳಕಿಗೆ ಬದಲಾಗುತ್ತದೆ ಅನ್ನಿ. ಇನ್ನೊಂದು ಮಾತು ತಮಾಷೆಯದಲ್ಲ. ನೀರು ಬೆರೆಸಿದ ಹೈಡ್ರೋಫ್ಲೋರಿಕ್ ಆಸಿಡ್ ಮೈಮೇಲೆ ಬಿದ್ದರೆ ಕೂಡಲೇ ಉರಿಯದೆ ಇರಬಹುದು. ಆದರೂ ಒಳಗೆ ಇಳಿಯುತ್ತಲೇ ಇರುತ್ತದೆ. ಅದಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಎಲ್ಲಿಟ್ಟಿದ್ದಾರೆ ಅಂತ ಮೊದಲ ದಿನವೇ ಕೇಳಿ. ಕೇಳಿದರೆ ಮುಖ ಸಿಂಡರಿಸುವ ಲ್ಯಾಬ್ ಆದರೆ ಅಲ್ಲಿ ಕೆಲಸ ಮಾಡಬೇಡಿ.

ಬೆಂಗಳೂರು, ವಿಮಾನ ಬಿಡಿಭಾಗ

ಕಾಂಪೋಸಿಟ್ಸ್ ಕಡೆಯೂ ನೋಡಮ್ಮ. ಕಾರ್ಬನ್ ಫೈಬರ್ ಪ್ರೀಪ್ರೆಗ್ (ಮೊದಲೇ ರೆಸಿನ್ ಸೇರಿಸಿದ ಹಾಳೆ) ರೋಲು ಮೈನಸ್ 18 ಡಿಗ್ರಿ ಫ್ರೀಜರ್‌ನಲ್ಲಿರುತ್ತದೆ, ಹೊರಗೆ ಇದ್ದ ಗಂಟೆಗಳನ್ನೆಲ್ಲ ಬರೆದಿಡಬೇಕು. ಇಂಟರ್ನ್‌ಗಳಿಗೆ ಮೊದಲು ಸಿಗುವುದು ಆ ರಿಜಿಸ್ಟರ್ರೇ. ಬೇಜಾರು ಅನ್ನಿಸಬಹುದು, ಆದರೆ ಅದರಲ್ಲಿ ಒಂದು ಎಂಟ್ರಿ ತಪ್ಪಿದರೆ ಇಡೀ ರೋಲ್ ಪಕ್ಕಕ್ಕೆ. ಅಲ್ಟ್ರಾಸಾನಿಕ್ ತಪಾಸಣೆ, ಸ್ಟ್ರೇನ್ ಗೇಜ್ ಕೆಲಸಕ್ಕೆ ಎಲೆಕ್ಟ್ರಾನಿಕ್ಸ್ ಓದಿದವರು ಬೇಕೇ ಬೇಕು.

ಹಾಸನ, ಕಾಲೇಜಿನಲ್ಲಿ ಇಂಟರ್ನ್‌ಶಿಪ್ ನೋಡಿಕೊಳ್ಳುವ ಮೇಡಂ

ನಿಮ್ಮ ತಂದೆಯವರು ಹೇಳುವ ಬಿಇಎಲ್ ಸ್ಟೈಪೆಂಡು ಬಹುಶಃ ಅಪ್ರೆಂಟಿಸ್‌ಶಿಪ್‌ದು. ಅದು ಡಿಗ್ರಿ ಮುಗಿದ ಮೇಲೆ, ಒಂದು ವರ್ಷ. ಈಗಿನ ಇಂಟರ್ನ್‌ಶಿಪ್ ಬೇರೆ. ಎರಡನ್ನೂ ಕಲಸಬೇಡಿ.

ಬಿಇಎಲ್‌ನಂಥ ರಕ್ಷಣಾ ಕಾರ್ಖಾನೆಗಳಲ್ಲಿ ಒಂದು ತೊಂದರೆ ಇದೆ. ಫೋನು ಗೇಟಿನಲ್ಲೇ ಇಡಬೇಕಾಗಬಹುದು, ಫೋಟೋ, ಪೆನ್‌ಡ್ರೈವ್ ಬೇಡ ಅನ್ನಬಹುದು. ಕೊನೆಗೆ ರಿಪೋರ್ಟಿನಲ್ಲಿ ಏನು ಬರೆಯಬಹುದು ಅಂತ ಅವರು ಒಪ್ಪಬೇಕು. ಖಾಸಗಿ ಕಂಪನಿಯಲ್ಲೂ ಗ್ರಾಹಕರ ಡ್ರಾಯಿಂಗ್ ಹೊರಗೆ ಬಿಡಲ್ಲ. ವೈವಾ ವಾರದಲ್ಲಿ ಅಳುತ್ತಾ ಬರುವ ಮಕ್ಕಳಲ್ಲಿ ಹೆಚ್ಚಿನವರದು ಇದೇ ಕಥೆ: ಕೆಲಸ ಮಾಡಿದ್ದಾರೆ, ತೋರಿಸಲು ಒಂದು ಗ್ರಾಫೂ ಇಲ್ಲ. ಸೇರುವ ಮುಂಚೆಯೇ ಇದನ್ನು ಮಾತಾಡಿಕೊಳ್ಳಿ.

ಹೊಸೂರು, ನೇಮಕಾತಿ ಪ್ಯಾನೆಲ್‌ನಲ್ಲಿ ಕೂರುವವನು

ಕನ್ಸಲ್ಟೆನ್ಸಿ ಸರ್ಟಿಫಿಕೇಟ್ ಬಗ್ಗೆ ಒಂದೇ ಮಾತು. ನಾನು ಇಂಟರ್‌ವ್ಯೂನಲ್ಲಿ "ನೀನಿದ್ದಾಗ ಲೈನ್ ನಿಂತದ್ದು ಯಾಕೆ, ಮತ್ತೆ ಶುರು ಮಾಡಲು ಯಾರು ಏನು ಮಾಡಿದರು?" ಅಂತ ಕೇಳುತ್ತೇನೆ. ಲೈನ್ ಕಂಡವರು ಹತ್ತು ನಿಮಿಷ ಮಾತಾಡುತ್ತಾರೆ. ದುಡ್ಡು ಕೊಟ್ಟು ಕಾಗದ ತಂದವರು ಕಂಪನಿಯ ಪರಿಚಯ ಹೇಳಲು ಶುರು ಮಾಡುತ್ತಾರೆ.

ಕೇಳಿದವರು

ತುಂಬಾ ಥ್ಯಾಂಕ್ಸ್. ಮೈಸೂರಿನ ಅಣ್ಣ, ಮೇಲ್‌ನಲ್ಲಿ ಏನು ಬರೆಯಲಿ? ರಾತ್ರಿ ಶಿಫ್ಟ್ ಹಾಕುತ್ತಾರಾ? ಮನೆಯಲ್ಲಿ ಅದೇ ಚಿಂತೆ.

ಮೈಸೂರು, ಪ್ರೊಸೆಸ್ ಇಂಜಿನಿಯರ್

ಇಂಟರ್ನ್‌ಗಳಿಗೆ ನಮ್ಮಲ್ಲಿ ಜನರಲ್ ಶಿಫ್ಟೇ. ಬೇರೆ ಕಡೆ ಕೇಳಿಕೋ, ಕಂಪನಿ ಬಸ್ಸು ಯಾವ ಸ್ಟಾಪಿನಲ್ಲಿ ನಿಲ್ಲುತ್ತದೆ ಅಂತ ತಿಳಿದ ಮೇಲೆ ಪಿಜಿ ಹುಡುಕು.

ಮೇಲ್ ಚಿಕ್ಕದಾಗಿರಲಿ. ಎಚ್‌ಆರ್‌ಗೆ ಕಳಿಸು, ಆದರೆ ಪ್ರೊಡಕ್ಷನ್ ಅಥವಾ ಕ್ವಾಲಿಟಿ ಮ್ಯಾನೇಜರ್ ಕಣ್ಣಿಗೂ ಬೀಳುವಂತೆ ನೋಡಿಕೋ, ಹುಡುಗರು ಬೇಕು ಅನ್ನುವವರು ಅವರೇ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಷ್ಟು ವಾರ, ಎಚ್‌ಒಡಿ ಪತ್ರ ಜೊತೆಗಿದೆ, ಇನ್ಶೂರೆನ್ಸ್ ಕಾಲೇಜಿನದು ಇದೆಯೋ ಇಲ್ಲವೋ. ಆಮೇಲೆ ಒಂದು ಸಾಲು: ಪೇಸ್ಟ್ ಪ್ರಿಂಟಿಂಗ್, ರಿಫ್ಲೋ ಅಥವಾ ಎಒಐ (ಕ್ಯಾಮೆರಾದಿಂದ ಬೋರ್ಡ್ ತಪಾಸಣೆ), ಈ ಮೂರರಲ್ಲಿ ಎಲ್ಲಿ ಹಾಕಿದರೂ ಸರಿ, ಡಿಫೆಕ್ಟ್ ಡೇಟಾ ಮೇಲೆ ಕೆಲಸ ಮಾಡಬೇಕೆಂದಿದ್ದೇನೆ, ಕಂಪನಿ ಹೆಸರು ಮತ್ತು ಪಾರ್ಟ್ ನಂಬರ್ ಮುಚ್ಚಿ ಗ್ರಾಫ್ ಬಳಸಬಹುದೇ ಅಂತ. ಆ ಸಾಲು ಓದಿದ ಮ್ಯಾನೇಜರ್ ಫೋನ್ ಮಾಡುತ್ತಾರೆ. ವಾರವಾದರೂ ಮಾಡದಿದ್ದರೆ ನೀನೇ ಮಾಡು, ಬೆಳಗ್ಗೆ ಹತ್ತರೊಳಗೆ ಬೇಡ, ಆಗ ನಾವೆಲ್ಲ ಹಿಂದಿನ ರಾತ್ರಿಯ ರಿಜೆಕ್ಷನ್ ಎಣಿಸುತ್ತಿರುತ್ತೇವೆ.