‘ಫೋನ್ ತಿರುಗಿಸು’, ‘ನಂಬರ್ ತಿರುಗಿಸು’ ಮತ್ತು ‘ಪಿ.ಪಿ.’

ಪ್ರಶ್ನೆ: ಉಡುಪಿ ಕಡೆಯ ಹಳೆಯ ಕಾಲದ ಕತೆಗಳ ಕರಡು ತಿದ್ದುತ್ತಿದ್ದೇನೆ. ಒಂದು ಕಡೆ ‘ಫೋನ್ ತಿರುಗಿಸಿ ಮಂಗಳೂರು ಕೇಳಿದರು’ ಅಂತ ಉಂಟು, ಇನ್ನೊಂದು ಕಡೆ ‘ನಂಬರ್ ತಿರುಗಿಸಿದಳು’. ಎರಡನ್ನೂ ‘ಡಯಲ್ ಮಾಡು’ ಎಂದು ತಿದ್ದಬಹುದೇ? ಲಗ್ನಪತ್ರಿಕೆಯಲ್ಲಿ ಫೋನ್ ನಂಬರಿನ ಪಕ್ಕ ಬರುವ ‘ಪಿ.ಪಿ.’ ಏನು?

ಉತ್ತರ: ದಯವಿಟ್ಟು ತಿದ್ದಬೇಡಿ, ಅವು ಬೇರೆ ಬೇರೆ ಫೋನುಗಳು. ಡಯಲ್ ಬರುವ ಮೊದಲಿನ ಮ್ಯಾಗ್ನೆಟೊ ಫೋನಿಗೆ ಪಕ್ಕದಲ್ಲಿ ಹಿಡಿ ಇತ್ತು. ಅದನ್ನು ಗರಗರ ತಿರುಗಿಸಿದರೆ ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ಆ ಲೈನಿನ ಮುಚ್ಚಳ ಬೀಳುತ್ತಿತ್ತು, ಆಪರೇಟರ್ ಬಂದು ‘ನಂಬರ್ ಪ್ಲೀಸ್’ ಎನ್ನುತ್ತಿದ್ದರು. ಅಲ್ಲಿ ತಿರುಗಿಸುವುದು ಫೋನನ್ನು, ನಂಬರನ್ನು ಬಾಯಲ್ಲಿ ಹೇಳುವುದು. ಡಯಲ್ ಫೋನಿನಲ್ಲಿ ಮಾತ್ರ ನಂಬರನ್ನೇ ತಿರುಗಿಸುತ್ತಾರೆ. ‘ಒತ್ತಿದ’ ಅಂತ ಬಂದಿದ್ದರೆ ಅದನ್ನು ಮೊದಲು ತೆಗೆಯಿರಿ, ಗುಂಡಿಯ ಫೋನು ಬಂದದ್ದು ಆಮೇಲೆ.

‘ಟಕಟಕ ಸದ್ದಿನೊಂದಿಗೆ ಡಯಲ್ ತಿರುಗಿಸಿದಳು’ ಎಂಬಂಥ ವಾಕ್ಯವಿದ್ದರೆ ಅಲ್ಲೂ ನಿಲ್ಲಿ. ತೂತಿಗೆ ಬೆರಳು ಹಾಕಿ ತಡೆಕಡ್ಡಿಯವರೆಗೆ ಎಳೆಯುವಾಗ ಒಳಗಿನ ಸ್ಪ್ರಿಂಗ್ ಸುತ್ತಿಕೊಳ್ಳುವುದು ಅಷ್ಟೇ. ಬೆರಳು ಬಿಟ್ಟ ಮೇಲೆ ಡಯಲ್ ತಾನಾಗಿ ಹಿಂದೆ ಬರುತ್ತದಲ್ಲ, ಟಕಟಕ ಸದ್ದೂ ಎಕ್ಸ್‌ಚೇಂಜಿನ ಎಣಿಕೆಯೂ ಆಗ. 3ಕ್ಕೆ ಲೈನ್ ಮೂರು ಸಲ ಕಡಿಯುತ್ತದೆ, 0ಗೆ ಹತ್ತು ಸಲ. ಸೆಕೆಂಡಿಗೆ ಹತ್ತು ಎಂಬ ಲೆಕ್ಕ, ಅದನ್ನು ಹಿಡಿದಿಡುವುದು ಒಳಗಿನ ಗವರ್ನರ್ ಎಂಬ ವೇಗ ನಿಯಂತ್ರಕ. ಅವಸರಕ್ಕೆ ಬೆರಳಿನಿಂದ ಹಿಂದಕ್ಕೆ ದೂಡಿದರೆ, ಅಥವಾ ಬೆರಳನ್ನು ತೂತಿನಲ್ಲೇ ಇಟ್ಟು ನಿಧಾನ ಮಾಡಿದರೆ ಎಣಿಕೆ ತಪ್ಪಿ ‘ರಾಂಗ್ ನಂಬರ್’. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗ್ರೀಸ್ ಗಟ್ಟಿಯಾಗಿ, ಸಂಪರ್ಕದ ತುದಿಗಳಿಗೆ ಕಿಲುಬು ಹಿಡಿದರೂ ಇದೇ ಕತೆ. ಹಾಗಾಗಿ ಗಾಬರಿಯಲ್ಲಿರುವ ಪಾತ್ರಕ್ಕೆ ರಾಂಗ್ ನಂಬರ್ ಸಿಗುವುದು ಸಹಜವೇ.

ಡಯಲಿಗೆ ಹಾಕುವ ಪುಟ್ಟ ಬೀಗವನ್ನೂ ಕತೆಗಾರರು ಎಲ್ಲೆಲ್ಲೋ ಹಾಕುತ್ತಾರೆ. ಅದರ ಜಾಗ 1ರ ತೂತು. 3ರಲ್ಲಿ ಹಾಕಿದರೆ 1, 2 ತಿರುಗುತ್ತವೆ, ಬೀಗ ತಡೆಕಡ್ಡಿಗೆ ತಾಗುವುದು ಆಮೇಲೆ. ಬೀಗವಿದ್ದರೂ ರಿಸೀವರ್ ಇಡುವ ಹುಕ್ಕನ್ನು ಲಯ ತಪ್ಪದೆ ಕುಟ್ಟಿ ನಂಬರ್ ಕಳಿಸಬಹುದಿತ್ತು, ಯಾಕೆಂದರೆ ಹುಕ್ಕೂ ಲೈನನ್ನೇ ಕಡಿಯುವುದು. ಅಂಕೆ ಅಂಕೆಯ ನಡುವೆ ಸ್ವಲ್ಪ ತಡೆಯಬೇಕು, ಇಲ್ಲದಿದ್ದರೆ 2 ಮತ್ತು 3 ಸೇರಿ 5 ಆಗುತ್ತದೆ. ಇದಕ್ಕೆ ‘ತಿರುಗಿಸು’ ಸಲ್ಲದು, ‘ಕುಟ್ಟು’ ಸರಿ.

ಇನ್ನು ಪಿ.ಪಿ. ಇದು ಟ್ರಂಕ್ ಕಾಲಿನ (ಆಪರೇಟರ್ ಮೂಲಕ ಬುಕ್ ಮಾಡುತ್ತಿದ್ದ ದೂರದೂರಿನ ಕರೆಯ) ಮಾತು, ಬಿಡಿಸಿದರೆ ‘ಪರ್ಟಿಕ್ಯುಲರ್ ಪರ್ಸನ್’. ಕಾಲ್ ಬುಕ್ ಮಾಡುವಾಗ ಇಂಥವರೇ ಬೇಕು ಎಂದು ಹೆಸರು ಹೇಳಿದರೆ, ಅವರು ಲೈನಿಗೆ ಬಂದ ಮೇಲೆಯೇ ಸಮಯದ ಲೆಕ್ಕ ಶುರು, ಅದಕ್ಕೊಂದು ಹೆಚ್ಚಿನ ಶುಲ್ಕವಿತ್ತು. ಲಗ್ನಪತ್ರಿಕೆಯಲ್ಲಿ ಅದರ ಅರ್ಥ ಸ್ವಲ್ಪ ಜಾರಿದೆ: ಈ ನಂಬರ್ ನಮ್ಮದಲ್ಲ, ಪಕ್ಕದ ಮನೆಯದ್ದೋ ಎದುರಿನ ಅಂಗಡಿಯದ್ದೋ, ಫೋನ್ ಮಾಡಿದರೆ ಕರೆದು ಕೊಡುತ್ತಾರೆ ಅಂತ. ‘ಪಕ್ಕದವರ ಪೋನು’ ಅಂತ ಬಿಡಿಸಿದರೂ ಅರ್ಥವೇನೂ ಕೆಡುವುದಿಲ್ಲ ಬಿಡಿ. ಆದರೆ ‘ಪಬ್ಲಿಕ್ ಫೋನ್’ ಅಂತ ಅಡಿಟಿಪ್ಪಣಿ ಹಾಕಬೇಡಿ.

ಟ್ರಂಕ್ ಕಾಲಿಗೆ ಮೂರು ನಿಮಿಷಗಳ ಲೆಕ್ಕವಿತ್ತು. ಆರ್ಡಿನರಿ ದರದ ದುಪ್ಪಟ್ಟು ಅರ್ಜೆಂಟ್, ಎಲ್ಲಕ್ಕಿಂತ ದುಬಾರಿ ಲೈಟ್ನಿಂಗ್. ಸಾವಿನ ಸುದ್ದಿಗೆ ‘ಮಿಂಚಿನ ಕರೆ’ ಎಂದು ಅನುವಾದಿಸುವುದಕ್ಕಿಂತ ‘ಲೈಟ್ನಿಂಗ್ ಕಾಲ್’ ಎಂದೇ ಇಡಿ, ಜನ ಹೇಳುತ್ತಿದ್ದದ್ದು ಹಾಗೆ.

ಲಗ್ನಪತ್ರಿಕೆಯ ಕಾಲ ತಿಳಿಯಬೇಕಾದರೆ ನಂಬರಿನ ಮುಂದಿನ ಊರಿನ ಎಸ್‌ಟಿಡಿ ಕೋಡ್ ನೋಡಿ. ಮಂಗಳೂರಿನದು 0824. ಉಡುಪಿಯದು ಈಗ 0820, ಮೊದಲು 08252 ಇತ್ತು. ‘ಉಡುಪಿ, ದ.ಕ.’ (ದಕ್ಷಿಣ ಕನ್ನಡ) ಎಂಬ ವಿಳಾಸವಿದ್ದರೆ ಅದು ಸಾಮಾನ್ಯವಾಗಿ 1997ರಲ್ಲಿ ಜಿಲ್ಲೆ ಬೇರೆಯಾಗುವುದಕ್ಕಿಂತ ಹಿಂದಿನದು. ಸ್ಥಿರ ಫೋನುಗಳ ಮುಂದೆ ಈಗಿರುವ 2 ಕೂಡ ಆಮೇಲೆ ಸೇರಿದ್ದು, ಎಪ್ಪತ್ತರ ದಶಕದ ಪಾತ್ರದ ಬಾಯಲ್ಲಿ ಏಳಂಕಿಯ ನಂಬರ್ ಬಂದಿದ್ದರೆ ಕೆಂಪು ಗೆರೆ ಎಳೆಯಿರಿ.